ಕೊರ್ನೆಲ್ಲೊದಲ್ಲಿ ಮನೆ ಹಿಡಿಯುವ ಮೊದಲು

ತಮ್ಮಾ,

ಇಟಲಿಯ ಬೆರ್ಗಮೊದಲ್ಲಿ ಕೆಲಸ ಸಿಕ್ಕಿದೆ, ಪೇಟೆಯ ಬಾಡಿಗೆ ಜಾಸ್ತಿ, ಬ್ರೆಂಬೊ ಕಣಿವೆಯ ಕೊರ್ನೆಲ್ಲೊ ಫೋಟೋದಲ್ಲಿ ಚಂದ ಕಾಣ್ತದೆ, ಅಲ್ಲೇ ಮನೆ ಹಿಡಿದರೆ ಹೇಗೆ ಅಂತ ಕೇಳಿದ್ದಿ. ಚಂದ ಹೌದು. ನಾನು ಅದರ ಕೆಳಗಿನ ಊರಿಗೆ ಬಂದು 16 ವರ್ಷ ಆಯಿತು. ಬಸ್ಸಿಳಿದ ಸಂಜೆ ಮಳೆ, ಬೀದಿಯಲ್ಲಿ ನರಪಿಳ್ಳೆ ಇಲ್ಲ, ನನ್ನ ಒಂದು ಪೆಟ್ಟಿಗೆ ತುಂಬ ಕುಚ್ಚಲಕ್ಕಿ.

ಪೇಪರಿನ ವಿಷಯ ಬೇಗ ಮುಗಿಸ್ತೇನೆ. ಬಂದು ಎಂಟು ಕೆಲಸದ ದಿನದೊಳಗೆ ಪೆರ್ಮೆಸ್ಸೊಗೆ, ಅಂದರೆ ಇಲ್ಲಿ ವಾಸ ಮಾಡುವ ಪರವಾನಗಿಗೆ, ಅರ್ಜಿ ಹಾಕು. ನಮ್ಮ ಡ್ರೈವಿಂಗ್ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಾಯಿಸಿ ಕೊಡುವುದಿಲ್ಲ. ನಿವಾಸಿಯಾಗಿ ವರ್ಷ ಕಳೆದ ಮೇಲೆ ಅದು ನಡೆಯುವುದೂ ಇಲ್ಲ, ಇಟಾಲಿಯನ್ನಿನಲ್ಲಿ ಪರೀಕ್ಷೆ ಬರೆಯಬೇಕು. ಕಾರಿಲ್ಲದಿದ್ದರೆ ಕಷ್ಟ. ಇಲ್ಲಿಗೆ 1926ರಲ್ಲಿ ಬಂದ ರೈಲು 1966ಕ್ಕೇ ನಿಂತಿತು, ಹಳಿ ಇದ್ದಲ್ಲಿ ಈಗ ಸೈಕಲ್ ದಾರಿ. ತೆಂಗಿನಕಾಯಿಯ ಆಸೆ ಬಿಡು.

ಕೊರ್ನೆಲ್ಲೊ ಒಳಗೆ ಕಾರೇ ಹೋಗುವುದಿಲ್ಲ. ಕೆಳಗೆ ನಿಲ್ಲಿಸಿ ಸಾಮಾನು ಹೊತ್ತು ಹತ್ತಬೇಕು. ಕಲ್ಲಿನ ಕಮಾನು, ಮರದ ತೊಲೆ, ಅದರಡಿ ಒಂದೇ ಬೀದಿ. ಹಳೇ ಮನೆಗಳ ಜಗಲಿಯನ್ನೆಲ್ಲ ಸಾಲಾಗಿ ಜೋಡಿಸಿದ ಹಾಗೆ. ಹಿಂದೆ ಹೇಸರಗತ್ತೆ ಹೊಡೆದುಕೊಂಡು ವ್ಯಾಪಾರಿಗಳು ಇಲ್ಲಿಂದಲೇ ಹೋಗುತ್ತಿದ್ದರು. ಟಾಸೊ ಮನೆತನದ ಮೂಲ ಇದೇ ಬೀದಿ. 15ನೇ ಶತಮಾನದ ಕೊನೆಗೆ ಜರ್ಮನ್ ನಾಡುಗಳ ದೊರೆ ಮ್ಯಾಕ್ಸಿಮಿಲಿಯನ್‌ಗೆ ಕುದುರೆ ಬದಲಿಸುತ್ತಾ ಓಡುವ ಅಂಚೆ ಕಟ್ಟಿಕೊಟ್ಟವರು ಅವರು. ಯುರೋಪಿನ ಅಂಚೆಯ ಬೇರು ಈ ಗುಡ್ಡದಲ್ಲಿ ಉಂಟು. ಮ್ಯೂಸಿಯಂ ಸಹ ಇದೆ. 1590ರ ದಶಕದಲ್ಲಿ ಬೆರ್ಗಮೊ ಆಳುತ್ತಿದ್ದ ವೆನಿಸ್ಸಿನವರು ಕಣಿವೆಯ ಕೆಳಗಿಂದ ಪ್ರಿಯುಲಾ ರಸ್ತೆ ಮಾಡಿದರು. ವ್ಯಾಪಾರ ಕೆಳಗಿಳಿಯಿತು, ಊರು ಮೇಲೇ ಉಳಿಯಿತು. ಬೈಪಾಸ್ ಆದ ಪೇಟೆಯ ಕತೆ ನಿನಗೆ ಬಿಡಿಸಿ ಹೇಳಬೇಕಾ? ಹೊಸದು ಕಟ್ಟಲು ದುಡ್ಡಿಲ್ಲದ್ದಕ್ಕೇ ಹಳೆಯದು ಉಳಿದದ್ದು ಅಂತ ನನ್ನ ಲೆಕ್ಕ.

ಜನ ಹೇಗೆ ಅಂದಿ. ಕಡಿಮೆ ಮಾತು. ಸಿಟ್ಟು, ಬೇಸರ, ಆಶ್ಚರ್ಯ ಎಲ್ಲಕ್ಕೂ 'ಪೋತಾ' ಅಂತ ಒಂದೇ ಶಬ್ದ. ನಮ್ಮ 'ಮಾರಾಯ'ನ ಕೆಲಸ ಅದು ಮಾಡ್ತದೆ. ನಾನು ಎಡವಿದ್ದು ಬೇರೆ ಕಡೆ.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ. ಬಂದ ವರ್ಷ ಅವರಿಗೆ ಬಂದ ಪಾರ್ಸೆಲ್ ಕೊಡಲಿಕ್ಕೆ ಹೋದೆ. ಒಲೆ ಮೇಲೆ ತಾಮ್ರದ ಪಾತ್ರೆ. ಮೆಕ್ಕೆಜೋಳದ ಹಿಟ್ಟು ಬೇಯಿಸಿ ಗಟ್ಟಿ ಮಾಡಿದ ಪೊಲೆಂತಾವನ್ನು ದುಂಡು ಹಲಗೆಗೆ ಕವುಚಿ, ನೂಲು ಎಳೆದು ಹೋಳು ಮಾಡುತ್ತಿದ್ದರು. ಕೂತ್ಕೋ ಅಂದರು. ನಾನು ಬೇಡ ಬೇಡ ಅಂದೆ. ಮೂರು ಸಲವಾದರೂ ಒತ್ತಾಯ ಮಾಡಿಸಿಕೊಳ್ಳದೆ ಯಾರ ಮನೆಯಲ್ಲಿ ಎಲೆ ಹಾಕಿಸಿಕೊಳ್ಳುತ್ತೇವೆ ನಾವು? ಅಜ್ಜಿ ತಲೆಯಾಡಿಸಿ ನೂಲಿಗೆ ಕೈ ಹಾಕಿದರು. ಇಲ್ಲಿ ಬೇಡ ಅಂದರೆ ಬೇಡ. ಮತ್ತೆ ಎರಡು ವರ್ಷ ಬಿಟ್ಟು ಕಾಫಿಗೆ ಕರೆದರು, ಆಗಲೂ ನನ್ನ ಬಾಯಲ್ಲಿ ಅದೇ ಬಂತು. ಆಮೇಲೆ ಕರೆಯಲಿಲ್ಲ. ಒತ್ತಾಯ ಮಾಡದ ಜನ, ಸೊಕ್ಕು ಅಂತ ನಾನು. ಕರೆದರೂ ಬಾರದವ, ಸೊಕ್ಕು ಅಂತ ಅವರು ಇರಬೇಕು.

2020ರ ಮಾರ್ಚ್‌ನಲ್ಲಿ ಅವರು ಹೋದರು. ಬೆರ್ಗಮೊದಿಂದ ಮಿಲಿಟರಿ ಲಾರಿಗಳಲ್ಲಿ ಶವಪೆಟ್ಟಿಗೆ ಸಾಗಿಸಿದ ವಾರ ಅದು. ಸತ್ತವರ ಹೆಸರಿನ ಕಪ್ಪು ಅಂಚಿನ ಕಾಗದವನ್ನು ಇಲ್ಲಿ ಗೋಡೆಗೆ ಹಚ್ಚುತ್ತಾರೆ. ಅಂತ್ಯಕ್ರಿಯೆಗೆ ಜನ ಸೇರುವ ಹಾಗಿರಲಿಲ್ಲ. ಅವರ ಪೂರ್ತಿ ಹೆಸರು ನಾನು ಓದಿದ್ದು ಆ ಕಾಗದದಲ್ಲೇ.

ಹಾಗಾಗಿ ಮೊದಲ ಕರೆಗೇ ಒಳಗೆ ಹೋಗು. ಮತ್ತೆ, ಕೊಡಿಯಾಲದ, ಅಂದರೆ ಮಂಗಳೂರಿನ, ಅಲೋಶಿಯಸ್ ಚಾಪೆಲಿನ ಚಿತ್ರ ನೋಡಿದ್ದೀಯಲ್ಲ? ಅದನ್ನು ಬರೆದ ಮೊಸ್ಕೇನಿ ಬೆರ್ಗಮೊ ಹತ್ತಿರದ ಸ್ತೆತ್ಸಾನೊದವರು, 1854ರಲ್ಲಿ ಹುಟ್ಟಿದವರು. ಯಾರಾದರೂ ಎಲ್ಲಿಯವ ಅಂತ ಕೇಳಿದರೆ ನಾನು ಅಲ್ಲಿಂದಲೇ ಸುರು ಮಾಡ್ತೇನೆ.

ಬರುವಾಗ ಪುತ್ತೂರಿಂದ ಎಂತ ತರಲಿ ಅಂದಿ. ಎಂತ ಬೇಡ ಅನ್ನುವ ಅಭ್ಯಾಸ ಬಿಟ್ಟಿದ್ದೇನೆ. ಎರಡು ಕೆಜಿ ಕುಚ್ಚಲಕ್ಕಿ, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ. ಮುಚ್ಚಳಕ್ಕೆ ಟೇಪು ಸುತ್ತು, ಉಪ್ಪುನೀರು ಸೋರ್ತದೆ.