ಉಗುರಿನ ಬುಡದ ಚರ್ಮವನ್ನು ಕತ್ತರಿಸಬೇಕೆ?

ಪ್ರಶ್ನೆ: ಸಿಂಧನೂರಿನಲ್ಲಿ ಚಿಕ್ಕದೊಂದು ಖಾನಾವಳಿ ನಡೆಸುತ್ತಿದ್ದೇನೆ. ರೊಟ್ಟಿ ಬಡಿಯುವುದು, ಪಾತ್ರೆ ತೊಳೆಯುವುದು ಎರಡೂ ನನ್ನ ಪಾಲಿನ ಕೆಲಸಗಳೇ. ಉಗುರಿನ ಬುಡದ ಚರ್ಮ ಒಣಗಿ ಬಿರಿಯುತ್ತದೆ, ಪಕ್ಕದಲ್ಲಿ ಸಿಬಿರು ಏಳುತ್ತದೆ. ಮಗಳ ಮದುವೆಗೆಂದು ಬ್ಯೂಟಿ ಪಾರ್ಲರಿಗೆ ಹೋದಾಗ ಆ ಚರ್ಮವನ್ನು ಕತ್ತರಿಸಿ ತೆಗೆದರು. ವಾರದೊಳಗೆ ಎರಡು ಬೆರಳುಗಳಿಗೆ ಉಗುರುಸುತ್ತು ಆಯಿತು. ಈಗ ಬಾವು ಇಳಿದಿದೆ, ಆದರೆ ಉಗುರಿನಲ್ಲಿ ಅಡ್ಡಗೆರೆ ಉಳಿದಿದೆ. ಏನು ಮಾಡಲಿ?
— ಓದುಗರು, ಸಿಂಧನೂರು

ಉತ್ತರ: ಪಾರ್ಲರುಗಳಲ್ಲಿ ಕ್ಯೂಟಿಕಲ್ ಎಂದು ಕರೆಯುವ ಆ ತೆಳುಪೊರೆಯು ಕೊಳೆಯೂ ಅಲ್ಲ, ಅನಗತ್ಯವಾಗಿ ಬೆಳೆದ ಚರ್ಮವೂ ಅಲ್ಲ, ಉಗುರಿಗೂ ಚರ್ಮಕ್ಕೂ ನಡುವೆ ಇರುವ ಸಂದಿಯೊಳಗೆ ನೀರು, ಬ್ಯಾಕ್ಟೀರಿಯಾ, ಶಿಲೀಂಧ್ರಗಳು ನುಸುಳದಂತೆ ಅದನ್ನು ಮುಚ್ಚಿರುವ ಬೆಸುಗೆ ಅದು. ಆ ಬೆಸುಗೆಯನ್ನು ಕತ್ತರಿಸಿದ್ದರಿಂದಲೇ ತಮಗೆ ಉಗುರುಸುತ್ತು ಆಗಿರುವ ಸಂಭವ ಹೆಚ್ಚು. ಇನ್ನು ಮುಂದೆ ಯಾರಿಂದಲೂ ಅದನ್ನು ಕತ್ತರಿಸಿಕೊಳ್ಳಬೇಡಿರಿ.

ದಿನವಿಡೀ ನೀರಿನಲ್ಲಿರುವ ಕೈ ಒಣಗುವುದಾದರೂ ಹೇಗೆ ಎಂದು ಅನೇಕರು ಕೇಳುತ್ತಾರೆ. ನೀರಿನಲ್ಲಿ ಉಗುರು ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ; ದಿನಕ್ಕೆ ಹತ್ತಾರು ಬಾರಿ ಹೀಗಾದರೆ ಅದರ ಪದರಗಳು ಬಿಡುತ್ತವೆ, ಪಾತ್ರೆಯ ಸೋಪು ಚರ್ಮದ ಸಹಜ ಜಿಡ್ಡನ್ನೂ ತೊಳೆದುಬಿಡುತ್ತದೆ. ಅದರ ಮೇಲೆ ಒಣ ಜೋಳದ ಹಿಟ್ಟು, ಹೆಂಚಿನ ಝಳ, 40 ಡಿಗ್ರಿ ದಾಟುವ ರಾಯಚೂರು ಸೀಮೆಯ ಬೇಸಿಗೆ! ಆದ್ದರಿಂದ ಬಡಿಯುವುದು, ತೊಳೆಯುವುದು, ಮತ್ತೆ ಬಡಿಯುವುದು ಎಂದು ಕೆಲಸಗಳನ್ನು ಬೆರೆಸದೆ, ರೊಟ್ಟಿಯೆಲ್ಲ ಮುಗಿದ ಮೇಲೆ ಪಾತ್ರೆಗಳನ್ನು ಒಟ್ಟಿಗೆ ತೊಳೆಯುವ ಏರ್ಪಾಡು ಮಾಡಿಕೊಳ್ಳಿರಿ. ತೊಳೆಯುವಾಗ ತೆಳುವಾದ ಹತ್ತಿಯ ಕೈಗವಸು ತೊಟ್ಟು ಅದರ ಮೇಲೆ ರಬ್ಬರಿನದನ್ನು ಹಾಕಿಕೊಳ್ಳಿರಿ. ಬರಿಯ ರಬ್ಬರಿನೊಳಗೆ ಬೆವರು ನಿಂತು ಮತ್ತದೇ ತೊಂದರೆಯಾಗುತ್ತದೆ. ಕೆಲಸ ಮುಗಿದೊಡನೆ ಕೈಗಳನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಚರ್ಮದಲ್ಲಿ ಇನ್ನೂ ಸ್ವಲ್ಪ ಪಸೆ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ಉಗುರಿನ ಬುಡಕ್ಕೆ ತಿಕ್ಕಿರಿ. ಮಲಗುವ ಮುನ್ನ ಇನ್ನಷ್ಟು ದಪ್ಪವಾಗಿ ಹಚ್ಚಿರಿ. ದುಬಾರಿ ಕ್ಯೂಟಿಕಲ್ ಎಣ್ಣೆಯೇ ಬೇಕೆಂದಿಲ್ಲ.

ಸಿಬಿರನ್ನು ಹಲ್ಲಿನಿಂದ ಕಚ್ಚಿ ಎಳೆಯದೆ, ಶುಚಿಯಾದ ನೇಲ್ ಕಟರಿನಿಂದ ಬುಡದಲ್ಲಿ ಕತ್ತರಿಸಿರಿ. ಉಗುರುಸುತ್ತಿಗೆ ನಿಂಬೆಹಣ್ಣು ಸಿಕ್ಕಿಸಿಕೊಳ್ಳುವ ರೂಢಿ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ನನ್ನ ಬಾಲ್ಯದಲ್ಲಿ ನಾನೂ ಸಿಕ್ಕಿಸಿಕೊಂಡವಳೇ. ಬಿರಿದ ಚರ್ಮವನ್ನು ಹುಳಿಯು ಉರಿಸುತ್ತದೆಯೇ ಹೊರತು ಒಳಗಿನ ಕೀವನ್ನು ತೆಗೆಯುವುದಿಲ್ಲ. ಬಾವು ಈಗಷ್ಟೇ ಶುರುವಾಗಿದ್ದರೆ ಬೆಚ್ಚಗಿನ ನೀರಿನಲ್ಲಿ 15 ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಬಾರಿ ಬೆರಳಿಟ್ಟು ಚೆನ್ನಾಗಿ ಒರೆಸಿಕೊಳ್ಳಬಹುದು. ಕೀವು ತುಂಬಿದರೆ, ಅಥವಾ ಬಾವು ಕೆಲವು ದಿನ ಕಳೆದರೂ ಇಳಿಯದಿದ್ದರೆ ವೈದ್ಯರನ್ನು ಕಾಣಿರಿ. ಸಕ್ಕರೆ ಕಾಯಿಲೆ ಇದ್ದವರು ಅಷ್ಟು ದಿನ ಕಾಯಲೇಬಾರದು.

ಅಡ್ಡಗೆರೆಗೆ ಔಷಧ ಬೇಡ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಸುಮಾರು ಆರು ತಿಂಗಳಲ್ಲಿ ಗೆರೆ ತುದಿಗೆ ಸರಿದು ಹೋಗುತ್ತದೆ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸದಲ್ಲಿದ್ದೇನೆ. ಉಗುರುಗಳ ಮೇಲೆ ಬಿಳಿ ಚುಕ್ಕೆಗಳಿವೆ. ಕ್ಯಾಲ್ಸಿಯಂ ಕೊರತೆಯೆಂದು ಗೆಳತಿಯರು ಹೇಳುತ್ತಾರೆ. ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗಬಹುದೇ?
— ಓದುಗರು, ಬಳ್ಳಾರಿ

ಉತ್ತರ: ಬಿಳಿ ಚುಕ್ಕೆಗಳು ಬಹುಮಟ್ಟಿಗೆ ಉಗುರಿನ ಬೇರಿಗೆ ಬಿದ್ದ ಸಣ್ಣಪುಟ್ಟ ಪೆಟ್ಟಿನ ಗುರುತುಗಳು, ದಪ್ಪ ಬಟ್ಟೆಯನ್ನು ಒತ್ತಿ ಹೊಲಿಯುವವರಿಗೆ ಅದು ಅಪರೂಪವೇನಲ್ಲ. ಸಾಮಾನ್ಯ ಊಟ ಮಾಡುವವರಲ್ಲಿ ಬಯೋಟಿನ್ ಕೊರತೆ ವಿರಳ. ಅದನ್ನು ಹೆಚ್ಚು ಪ್ರಮಾಣದಲ್ಲಿ ನುಂಗಿದರೆ ಥೈರಾಯ್ಡ್ ಮುಂತಾದ ರಕ್ತಪರೀಕ್ಷೆಗಳ ಫಲಿತಾಂಶ ತಪ್ಪಾಗಿ ಬರಬಹುದು. ಉಗುರು ಚಮಚದಂತೆ ತಗ್ಗಾಗಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿರಿ, ಏಕೆಂದರೆ ಅದು ಕಬ್ಬಿಣಾಂಶದ ಕೊರತೆಯ ಲಕ್ಷಣವಾಗಿರಬಹುದು. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಪಟ್ಟಿ ಮೂಡಿ ಅಗಲವಾಗುತ್ತಿದ್ದರೆ ಮಾತ್ರ ತಡಮಾಡದೆ ಚರ್ಮರೋಗ ತಜ್ಞರಿಗೆ ತೋರಿಸಿರಿ.