ಲ್ಯಾಸಿಕ್, ಸ್ಮೈಲ್, ಐಸಿಎಲ್: ಆರಿಸುವ ಮೊದಲು ಲೆನ್ಸ್ ತೆಗೆದಿಡಿ

ನಿಮ್ಮದು ಮೈನಸ್ ಐದೂವರೆ ಪವರ್, ಜೊತೆಗೆ ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಹೆಚ್ಚುವರಿ ಪವರ್), ಬೆಳಗಿನಿಂದ ರಾತ್ರಿಯವರೆಗೆ ಕಾಂಟ್ಯಾಕ್ಟ್ ಲೆನ್ಸ್. ಕನ್ನಡಕ ಬಿಡಿಸುವ ಶಸ್ತ್ರಚಿಕಿತ್ಸೆಗೆ ಒಬ್ಬ ವೈದ್ಯರು ಲೇಸರಿನಿಂದ ಮಾಡುವ ಲ್ಯಾಸಿಕ್ ಎಂದರು, ಇನ್ನೊಬ್ಬರು ಇನ್ನೊಂದು ಲೇಸರ್ ವಿಧಾನವಾದ ಸ್ಮೈಲ್ ಎಂದರು, ಮೂರನೆಯವರು ಕಣ್ಣಿನೊಳಗೆ ಲೆನ್ಸ್ ಕೂರಿಸುವ ಐಸಿಎಲ್ ಎಂದರು, ಇವುಗಳಲ್ಲಿ ಯಾವುದು ಅತ್ಯುತ್ತಮ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಇದನ್ನೇ ಕೇಳುತ್ತ ತಿರುಗಿದ್ದೆ. ಆದರೆ ನನ್ನನ್ನು ಈ ಉತ್ತರಕ್ಕೆ ಕೂರಿಸಿದ್ದು ನಿಮ್ಮ ಪ್ರಶ್ನೆಯಲ್ಲ, ಅದರ ನಡುವೆ ನೀವು ಸಹಜವಾಗಿ ಬರೆದುಬಿಟ್ಟಿರುವ ಒಂದು ಸಾಲು: ಮೂರೂ ಕಡೆಯ ತಪಾಸಣೆಯನ್ನು ಒಂದೇ ವಾರದಲ್ಲಿ, ಕೆಲಸದ ನಡುವೆ ಬಿಡುವು ಮಾಡಿಕೊಂಡು ಮುಗಿಸಿದೆ ಎಂಬುದು. ಹಾಗಿದ್ದರೆ ತಪಾಸಣೆಯ ಕೊಠಡಿಯ ಹೊರಗೆ ಲೆನ್ಸ್ ತೆಗೆದು, ಒಳಗೆ ಹೋಗಿ ಬಂದು, ಮತ್ತೆ ಹಾಕಿಕೊಂಡು ಕೆಲಸಕ್ಕೆ ಮರಳಿರುತ್ತೀರಿ. ನಾನು ಮಾಡಿದ್ದೂ ಅದನ್ನೇ.

ನನ್ನ ಪವರ್ ನಿಮ್ಮದಕ್ಕಿಂತ ಕಡಿಮೆಯಿತ್ತು, ಸಿಲಿಂಡರ್ ಮಾತ್ರ ಜಾಸ್ತಿ. ಕಾಲೇಜು ದಿನಗಳಿಂದಲೂ ಸಿಲಿಂಡರಿಗೆಂದೇ ಮಾಡಿದ ಟೋರಿಕ್ ಲೆನ್ಸ್ ಹಾಕುತ್ತಿದ್ದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೆಂದು ನಿರ್ಧರಿಸಿದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಯಾವುದರಲ್ಲಿ ಫ್ಲ್ಯಾಪ್ (ಕಣ್ಣಿನ ಮೇಲ್ಪದರದಲ್ಲಿ ಕತ್ತರಿಸುವ ತೆಳು ಮುಚ್ಚಳ) ಎತ್ತುತ್ತಾರೆ, ಯಾವುದರಲ್ಲಿ ಎತ್ತುವುದಿಲ್ಲ, ಯಾವುದರಲ್ಲಿ ನೋವು ಹೆಚ್ಚು ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೆ ತಪಾಸಣೆಗೆ ಬರುವ ಮುನ್ನ ಪಾಲಿಸಬೇಕಾದ ಸೂಚನೆಗಳೆಂದು ಕೊಟ್ಟ ಒಂದು ಪುಟದ ಕಾಗದವನ್ನು ಮಾತ್ರ ಕಣ್ಣಾಡಿಸಿ ಮಡಚಿಟ್ಟೆ. ಟೋರಿಕ್ ಲೆನ್ಸ್ ಬಳಸುವವರು ಕನಿಷ್ಠ ಎರಡು ವಾರ ಅದನ್ನು ಬಿಟ್ಟಿರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು.

ನನ್ನ ಬಳಿ ಇದ್ದ ಕನ್ನಡಕ ಹಳೆಯ ಪವರಿನದು. ಅದನ್ನು ಹಾಕಿಕೊಂಡು ಗಾಡಿ ಓಡಿಸುವಂತಿರಲಿಲ್ಲ, ಪರದೆಯ ಮುಂದೆ ಒಂದು ಗಂಟೆ ಕುಳಿತರೆ ತಲೆನೋವು ಬರುತ್ತಿತ್ತು. ಹೇಗೂ ಕನ್ನಡಕವನ್ನೇ ಬಿಡಲು ಹೊರಟಿರುವಾಗ ಹೊಸದನ್ನು ಏಕೆ ಮಾಡಿಸುವುದು ಎಂಬ ಲೆಕ್ಕಾಚಾರದಲ್ಲಿ, ತಪಾಸಣೆಯ ಹಿಂದಿನ ರಾತ್ರಿಯವರೆಗೂ ಲೆನ್ಸ್ ಹಾಕಿಯೇ ಇದ್ದೆ. ಯಂತ್ರಕ್ಕೆ ಗಲ್ಲ ಊರಿ ಕುಳಿತಾಗ ತಂತ್ರಜ್ಞೆ ಕೇಳಿದರು: "ಲೆನ್ಸ್ ಬಿಟ್ಟು ಎಷ್ಟು ದಿನ ಆಯ್ತು?" "ಎರಡು ವಾರ ಆಗಿದೆ ಮೇಡಂ" ಎಂದೆ. ಅವರು ಅದನ್ನು ಬರೆದುಕೊಂಡು, ಕಣ್ಣು ಅಗಲಿಸಿ ಮಿಟುಕಿಸದೆ ನೋಡಿ ಎಂದರು. ಪರದೆಯ ಮೇಲೆ ನನ್ನ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ನಕ್ಷೆ ಕೆಂಪು, ಹಳದಿ, ನೀಲಿಯಲ್ಲಿ ಮೂಡಿತು. ಆ ನಕ್ಷೆ ನನ್ನ ಕಣ್ಣಿನದಾಗಿರಲಿಲ್ಲ, ಹಲವು ವರ್ಷ ಲೆನ್ಸಿನ ಅಡಿಯಲ್ಲಿ ಒತ್ತಿಸಿಕೊಂಡಿದ್ದ ಕಣ್ಣಿನದಾಗಿತ್ತು.

ಇದು ಏಕೆ ಅಷ್ಟು ಮುಖ್ಯ ಎಂಬುದನ್ನು ತುಸು ವಿವರವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್ (ಪವರನ್ನು ಅಳೆಯುವ ಮಾನ); ಅದರಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚನ್ನು ಕೊಡುವುದು ಅರ್ಧ ಮಿಲಿಮೀಟರಿಗಿಂತ ಸ್ವಲ್ಪವೇ ದಪ್ಪವಿರುವ ಕಾರ್ನಿಯಾ. ಲೇಸರ್ ಚಿಕಿತ್ಸೆಯಲ್ಲಿ ಒಂದು ಡಯಾಪ್ಟರ್ ಸರಿಪಡಿಸಲು ತೆಗೆಯುವುದು ಸುಮಾರು 12ರಿಂದ 15 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ), ಅಂದರೆ ಒಂದು ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಇಷ್ಟು ಸೂಕ್ಷ್ಮವಾದ ಮೇಲ್ಮೈಯ ಮೇಲೆ ಲೆನ್ಸ್ ದಿನವಿಡೀ ಕುಳಿತರೆ ಅದರ ಒತ್ತಡದಿಂದಲೂ ಆಮ್ಲಜನಕದ ಕೊರತೆಯಿಂದಲೂ ಕಾರ್ನಿಯಾ ತಾತ್ಕಾಲಿಕವಾಗಿ ಆಕಾರ ಬದಲಿಸುತ್ತದೆ. ಲೆನ್ಸ್ ತೆಗೆದ ಕೂಡಲೇ ಅದು ಹಿಂದಿನ ರೂಪಕ್ಕೆ ಮರಳುವುದಿಲ್ಲ. ಸಾಮಾನ್ಯ ಮೃದು ಲೆನ್ಸಿಗೆ ಒಂದೆರಡು ವಾರ, ಟೋರಿಕ್‌ಗೆ ಎರಡು ವಾರ ಅಥವಾ ಹೆಚ್ಚು, ಗಟ್ಟಿ ಲೆನ್ಸಿಗೆ ಮೂರು ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ.

ಸಿಲಿಂಡರ್ ಇದ್ದವರಿಗೆ ಇದರ ಪೆಟ್ಟು ಇನ್ನೂ ಜೋರು, ಏಕೆಂದರೆ ಅಲ್ಲಿ ಪವರಿನಷ್ಟೇ ಆಕ್ಸಿಸ್, ಅಂದರೆ ಅದನ್ನು ತಿದ್ದುವ ದಿಕ್ಕು ಕೂಡ ಮುಖ್ಯ. ಆಕ್ಸಿಸ್ 10 ಡಿಗ್ರಿ ತಪ್ಪಿದರೆ ತಿದ್ದುಪಡಿಯ ಸುಮಾರು ಮೂರನೇ ಒಂದು ಭಾಗ ವ್ಯರ್ಥವಾಗುತ್ತದೆ. 30 ಡಿಗ್ರಿ ತಪ್ಪಿದರೆ ಮೊದಲಿದ್ದಷ್ಟೇ ಸಿಲಿಂಡರ್ ಬೇರೆ ದಿಕ್ಕಿಗೆ ತಿರುಗಿ ಉಳಿದುಬಿಡುತ್ತದೆ. ಇನ್ನು ಲೇಸರ್ ಎಂಬುದು ತಾನಾಗಿ ಯೋಚಿಸುವ ಯಂತ್ರವಲ್ಲ. 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಮದ್ರಾಸ್ ಮೂಲದ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕಿನ ಮೇಲೆ ಎಕ್ಸೈಮರ್ ಎಂಬ ಅತಿನೇರಳೆ ಲೇಸರ್ ಹಾಯಿಸಿ, ಅದು ಅಕ್ಕಪಕ್ಕವನ್ನು ಸುಡದೆ ನಿಖರವಾಗಿ ಕೊರೆಯುವುದನ್ನು ಕಂಡುಕೊಂಡರು. ಇವತ್ತಿನ ಲ್ಯಾಸಿಕ್‌ಗೂ ಫ್ಲ್ಯಾಪ್ ಇಲ್ಲದೆ ಮೇಲ್ಮೈಯಲ್ಲೇ ಲೇಸರ್ ಹಾಯಿಸುವ ಪಿಆರ್‌ಕೆಗೂ ಅದೇ ತಳಹದಿ. ಒಂದೊಂದು ಮಿಡಿತಕ್ಕೆ ಮೈಕ್ರಾನಿನ ಕಾಲು ಭಾಗದಷ್ಟನ್ನು ತೆಗೆಯುವ ಆ ಕಿರಣ ನನ್ನ ಕಣ್ಣಿನಲ್ಲಿಯೂ ಕರಾರುವಾಕ್ಕಾಗಿ ಕೆಲಸ ಮಾಡಿತು. ಅದಕ್ಕೆ ಕೊಟ್ಟ ಅಂಕಿಗಳು ಸುಳ್ಳಾಗಿದ್ದವು, ಅಷ್ಟೇ.

ಲ್ಯಾಸಿಕ್ ಆದ ಮರುದಿನ ಗೋಡೆಯ ಗಡಿಯಾರ ಸ್ಪಷ್ಟವಾಗಿ ಕಂಡಿತೆಂದು ಊರೆಲ್ಲ ಹೇಳಿಕೊಂಡೆ. ವಾರಗಳು ಕಳೆದಂತೆ ಅಕ್ಷರಗಳಿಗೆ ನೆರಳು ಹುಟ್ಟಿತು; ರಾತ್ರಿ ಎದುರಿನಿಂದ ಬರುವ ಪ್ರತಿಯೊಂದು ದೀಪಕ್ಕೂ ಒಂದೇ ಕಡೆಗೆ ಎಳೆದ ಬಾಲ ಕಾಣಿಸತೊಡಗಿತು. ಕಾರ್ನಿಯಾ ತನ್ನ ನಿಜವಾದ ಆಕಾರಕ್ಕೆ ಮರಳಿತ್ತು, ತಿದ್ದಿದ್ದು ಬೇರೆ ಆಕಾರವನ್ನು. ಶಸ್ತ್ರಚಿಕಿತ್ಸಕರು ಹಳೆಯ ನಕ್ಷೆಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಲೆನ್ಸಿನ ಬಗ್ಗೆ ಮತ್ತೊಮ್ಮೆ ಕೇಳಿದಾಗ ನಿಜ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತೇನೋ. ಪವರ್ ಸ್ಥಿರವಾಗುವವರೆಗೆ ತಿಂಗಳುಗಟ್ಟಲೆ ಕಾದು, ಎರಡನೆಯ ಬಾರಿ ಫ್ಲ್ಯಾಪ್ ಎತ್ತುವುದು ಬೇಡವೆಂದು ಅದರ ಮೇಲೆಯೇ ಪಿಆರ್‌ಕೆ ಮಾಡಿದರು. ಅದರಲ್ಲಿ ಕಾರ್ನಿಯಾದ ಹೊರಪದರವನ್ನು ಕೆರೆದು ತೆಗೆಯುತ್ತಾರೆ. ಅದು ಮತ್ತೆ ಬೆಳೆಯುವವರೆಗೆ ಬ್ಯಾಂಡೇಜ್ ಲೆನ್ಸ್ ಹಾಕಿ, ಕತ್ತಲೆ ಕೋಣೆಯಲ್ಲಿ ಕಣ್ಣೀರು ಸುರಿಸುತ್ತ ಕೂರಬೇಕು. ಈಗ ದೃಷ್ಟಿ ಚೆನ್ನಾಗಿದೆ. ಆದರೆ ಕಣ್ಣಿನ ಒಣಗುವಿಕೆ ಪೂರ್ತಿ ಹೋಗಿಲ್ಲ, ಮತ್ತು ಉಳಿದಿರುವ ಕಾರ್ನಿಯಾದಲ್ಲಿ ಮೂರನೆಯ ತಿದ್ದುಪಡಿಗೆ ಜಾಗವಿಲ್ಲ ಎಂದು ಹೇಳಿಯೇ ಕಳುಹಿಸಿದ್ದಾರೆ.

ಆದ್ದರಿಂದ ಯಾವುದು ಅತ್ಯುತ್ತಮ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೂವರು ವೈದ್ಯರು ಮೂರು ಹೆಸರು ಹೇಳಿದ್ದು ಅವರ ನಡುವಿನ ಭಿನ್ನಾಭಿಪ್ರಾಯ ಎಂದು ನೀವು ಭಾವಿಸಿದ್ದೀರಿ. ಲೆನ್ಸಿನಿಂದ ಆಕಾರ ಕೆಟ್ಟ ಕಣ್ಣಿನ ಮೂರು ಬೇರೆ ಬೇರೆ ಅಳತೆಗಳ ಮೇಲೆ ಅವರು ಮಾತನಾಡಿರಬಹುದು ಎಂಬ ಅನುಮಾನ ನನ್ನದು. ಒಂದು ಲೆಕ್ಕ ನೋಡಿ. ಕಾರ್ನಿಯಾ ಸರಾಸರಿಯಂತೆ 540 ಮೈಕ್ರಾನ್ ಇದ್ದು, ಫ್ಲ್ಯಾಪ್‌ಗೆ 110, ನಿಮ್ಮ ಪವರಿಗೆ ಸುಮಾರು 80 ಹೋದರೆ 350 ಉಳಿಯುತ್ತದೆ, ಲ್ಯಾಸಿಕ್‌ಗೆ ಅಡ್ಡಿಯಿಲ್ಲ. ಅದೇ ಪವರಿನ ಇನ್ನೊಬ್ಬರ ಕಾರ್ನಿಯಾ 480 ಇದ್ದರೆ ಉಳಿಯುವುದು 290. ಕನಿಷ್ಠ 250 ಇರಲೇಬೇಕೆಂಬುದು ಹಳೆಯ ನಿಯಮ, 300ಕ್ಕಿಂತ ಕೆಳಗೆ ಇಳಿಯಲು ಇಂದು ಅನೇಕ ವೈದ್ಯರು ಒಪ್ಪುವುದಿಲ್ಲ. ನಕ್ಷೆಯಲ್ಲಿ, ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ಕಾಯಿಲೆಯಾದ ಕೆರಟೊಕೋನಸ್‌ನ ಸುಳಿವು ಕಂಡರಂತೂ ದಪ್ಪ ಎಷ್ಟೇ ಇರಲಿ, ಲ್ಯಾಸಿಕ್ ಮತ್ತು ಸ್ಮೈಲ್ ಎರಡರ ಮಾತೂ ಅಲ್ಲಿಗೆ ಮುಗಿಯಿತು. ಲೆನ್ಸಿನ ಒತ್ತಡವೂ ಕೆಲವೊಮ್ಮೆ ಅದೇ ಸುಳಿವನ್ನು ಹೋಲುವ ನಕ್ಷೆಯನ್ನು ಕೊಡುತ್ತದೆ ಎಂಬುದು ನಿಮಗೆ ಗೊತ್ತಿರಲಿ.

ಸ್ಮೈಲ್‌ನಲ್ಲಿ ಫ್ಲ್ಯಾಪ್ ಇಲ್ಲ, ಕೆಲವೇ ಮಿಲಿಮೀಟರಿನ ಸೀಳಿನಿಂದ, ಲೇಸರ್ ಕಾರ್ನಿಯಾದ ಒಳಗೆ ಕತ್ತರಿಸಿದ ತೆಳು ಬಿಲ್ಲೆಯನ್ನು ಎಳೆದು ತೆಗೆಯುತ್ತಾರೆ. ಮೇಲ್ಭಾಗದ ನರಗಳು ಕಡಿಮೆ ತುಂಡಾಗುವುದರಿಂದ ಆರಂಭದ ಒಣಗುವಿಕೆ ಕಡಿಮೆ. ಆದರೆ ಪವರ್ ಉಳಿದರೆ ಎರಡನೆಯ ಬಾರಿ ಸಾಮಾನ್ಯವಾಗಿ ಪಿಆರ್‌ಕೆಯ ದಾರಿಯನ್ನೇ ಹಿಡಿಯಬೇಕಾಗುತ್ತದೆ. ಕುಳಿತಾಗ ಅಳೆದ ಕಣ್ಣು ಮಲಗಿದಾಗ ಕೆಲವು ಡಿಗ್ರಿ ತಿರುಗಬಹುದಾದ್ದರಿಂದ, ನಿಮ್ಮ ಸಿಲಿಂಡರಿಗೆ ಅದನ್ನು ಹೇಗೆ ಸರಿದೂಗಿಸುತ್ತೀರಿ ಎಂದು ಕೇಳಿಯೇ ಮುಂದುವರಿಯಿರಿ. ಐಸಿಎಲ್ ಕಾರ್ನಿಯಾವನ್ನು ತೆಳುವಾಗಿಸುವುದಿಲ್ಲ, ಬೇಕೆಂದರೆ ಹೊರತೆಗೆಯಬಹುದು. ಆದರೆ ಕಣ್ಣಿನ ಒಳಗೆ, ಸಹಜ ಮಸೂರದ ಮುಂದೆ ಕೂರುವ ವಸ್ತುವಾದ್ದರಿಂದ ಅಲ್ಲಿ ಸಾಕಷ್ಟು ಆಳವಿರಬೇಕು, ಮತ್ತು ಪೊರೆ ಹಾಗೂ ಕಣ್ಣಿನ ಒತ್ತಡದ ಮೇಲೆ ವರ್ಷಗಳವರೆಗೆ ನಿಗಾ ಇಡಬೇಕು. ಐದೂವರೆ ಪವರಿಗೆ, ಕಾರ್ನಿಯಾ ಆರೋಗ್ಯವಾಗಿದ್ದರೆ, ನಾನಾದರೆ ಕಣ್ಣಿನೊಳಗೆ ಕೈಹಾಕಿಸಿಕೊಳ್ಳುವುದಿಲ್ಲ. ಯಾವುದನ್ನು ಮಾಡಿಸಿಕೊಂಡರೂ ಕಣ್ಣಿನ ಉದ್ದ ಬದಲಾಗುವುದಿಲ್ಲ; ಹಾಗಾಗಿ ಹೆಚ್ಚು ಮೈನಸ್ ಪವರಿನವರಿಗೆ ಇರುವ ರೆಟಿನಾ ಸಂಬಂಧಿ ಅಪಾಯ ಉಳಿದೇ ಇರುತ್ತದೆ, ನಲವತ್ತು ದಾಟಿದ ಮೇಲೆ ಚಾಳೀಸೂ ತಪ್ಪುವುದಿಲ್ಲ.

ನೀವು ಈಗ ಮಾಡಬೇಕಾದ ಮೊದಲ ಕೆಲಸವೆಂದರೆ ಇಂದಿನ ಪವರಿಗೆ ಒಂದು ಸಾಧಾರಣ ಕನ್ನಡಕ ಮಾಡಿಸುವುದು. ಕನ್ನಡಕ ಬಿಡಲು ಹೊರಟವರಿಗೆ ಹೊಸ ಕನ್ನಡಕ ಮಾಡಿಸಿ ಎನ್ನುವುದು ವಿಚಿತ್ರವಾಗಿ ಕೇಳಿಸಬಹುದು, ಆದರೆ ನಾನು ಎಡವಿದ್ದು ಅದು ಇಲ್ಲದೆಯೇ. ಲೆನ್ಸನ್ನು ಡಬ್ಬಿಯಲ್ಲಿಟ್ಟು ಎರಡು ವಾರ ಕಳೆದ ಮೇಲೆ ಒಮ್ಮೆ ಅಳೆಸಿ, ಒಂದು ವಾರ ಬಿಟ್ಟು ಅದೇ ಯಂತ್ರದಲ್ಲಿ ಮತ್ತೊಮ್ಮೆ ಅಳೆಸಿ. ಎರಡೂ ತಾಳೆಯಾಗದಿದ್ದರೆ ಇನ್ನಷ್ಟು ಕಾಯಿರಿ. ತಪಾಸಣೆಯ ದಿನವೇ ಶಸ್ತ್ರಚಿಕಿತ್ಸೆ ಮುಗಿಸಿಬಿಡೋಣ ಎನ್ನುವ ಕಡೆಯಿಂದ ಎದ್ದು ಬನ್ನಿ. ಹಾಗೆಯೇ ಆ ನಕ್ಷೆಗಳ ಮತ್ತು ಶಸ್ತ್ರಚಿಕಿತ್ಸೆಗೆ ಮುಂಚಿನ ಪವರಿನ ಪ್ರತಿಗಳನ್ನು ಕೇಳಿ ಪಡೆದು ಜೋಪಾನವಾಗಿಡಿ. ಮುಂದೆ ವಯಸ್ಸಾದಾಗ ಪೊರೆ ತೆಗೆಸುವ ಸಂದರ್ಭ ಬಂದರೆ, ಲೇಸರ್ ಆದ ಕಣ್ಣಿಗೆ ಕೃತಕ ಮಸೂರದ ಪವರ್ ಲೆಕ್ಕ ಹಾಕುವುದು ಕಷ್ಟ, ಆ ವೈದ್ಯರು ಇದೇ ಕಾಗದಗಳನ್ನು ಕೇಳುತ್ತಾರೆ.