ಭೂಶಾಖದ ಕೊಳವೆ ಕೊರೆಸುವ ಮುನ್ನ ಪಡೆಯಬೇಕಾದ ಅನುಮತಿ

ಪ್ರಶ್ನೆ: ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡಲು ಭೂಶಾಖದ ಹೀಟ್ ಪಂಪ್, ಅಂದರೆ ನೆಲದಾಳದ ಶಾಖವನ್ನು ಮನೆಯೊಳಗೆ ತರುವ ಯಂತ್ರ, ಹಾಕಿಸಬೇಕೆಂದಿದ್ದೇವೆ. ಅದಕ್ಕಾಗಿ ಅಂಗಳದಲ್ಲಿ ತಲಾ 120 ಮೀಟರ್ ಆಳದ ಎರಡು ರಂಧ್ರಗಳನ್ನು ಕೊರೆಯಬೇಕು. ನೀರನ್ನು ಮೇಲೆತ್ತುವುದೇ ಇಲ್ಲವಾದ್ದರಿಂದ ಪರಿಸರ ಅನುಮತಿ ಬೇಕಿಲ್ಲವೆಂದು ಗುತ್ತಿಗೆದಾರರು ಹೇಳುತ್ತಾರೆ. ಪಕ್ಕದ ಮನೆಯವರು ಕುಡಿಯುವುದು ಬಾವಿಯ ನೀರನ್ನು. ನಾವು ಹೇಗೆ ಮುಂದುವರಿಯಬೇಕು?

ಉತ್ತರ: ಲಿಖಿತ ಅನುಮತಿ, ಅಥವಾ ಅದರ ಅಗತ್ಯವಿಲ್ಲವೆಂಬ ಲಿಖಿತ ಉತ್ತರ ಕೈಸೇರುವವರೆಗೆ ಕೊರೆಯುವ ಯಂತ್ರವನ್ನು ಅಂಗಳಕ್ಕೆ ಕರೆಸಬೇಡಿ, ಮುಂಗಡವನ್ನೂ ಕೊಡಬೇಡಿ. ನಿಮ್ಮ ವ್ಯವಸ್ಥೆಯಲ್ಲಿ ದ್ರವವು ಮುಚ್ಚಿದ ಕೊಳವೆಯೊಳಗೇ ಸುತ್ತುತ್ತದೆ, ಅಂತರ್ಜಲವನ್ನು ಮುಟ್ಟುವುದಿಲ್ಲ ಎಂಬುದು ನಿಜ. ಆದರೆ ಆ ಕೊಳವೆಯನ್ನು ಇಳಿಸಲು ಕೊರೆಯುವ ರಂಧ್ರವು ಒಂದರ ಕೆಳಗೊಂದಿರುವ ಜಲಸ್ತರಗಳನ್ನೂ ಅವುಗಳನ್ನು ಬೇರ್ಪಡಿಸಿರುವ ಜೇಡಿಪದರಗಳನ್ನೂ ಸೀಳಿಕೊಂಡು ಹೋಗುವುದರಿಂದ, ಮೇಲಿನ ಕಲುಷಿತ ನೀರು ಕೆಳಗಿನ ಶುದ್ಧ ನೀರಿಗೆ ಇಳಿಯಲು ದಾರಿಯಾಗಬಹುದು. ಅನೇಕ ದೇಶಗಳಲ್ಲಿ ಅಂತರ್ಜಲದ ಹೊಣೆ ಹೊತ್ತ ಇಲಾಖೆ ಮುಂಚಿತ ಮಾಹಿತಿಯನ್ನೋ ಅನುಮತಿಯನ್ನೋ ಕೇಳುವುದು ಈ ಕಾರಣಕ್ಕೇ.

ಇದು ಕೇವಲ ಕಾಗದದ ಮೇಲಿನ ಭಯವಲ್ಲ. ಜರ್ಮನಿಯ ಸ್ಟೌಫೆನ್ ಪಟ್ಟಣದಲ್ಲಿ 2007ರಲ್ಲಿ ಪುರಭವನಕ್ಕಾಗಿ ಸುಮಾರು 140 ಮೀಟರ್ ಆಳದ ಭೂಶಾಖ ರಂಧ್ರಗಳನ್ನು ಕೊರೆದಾಗ, ಒತ್ತಡದಲ್ಲಿದ್ದ ಅಂತರ್ಜಲ ಅನ್‌ಹೈಡ್ರೈಟ್ ಎಂಬ ಖನಿಜದ ಪದರಕ್ಕೆ ನುಗ್ಗಿತು. ನೀರು ಹೀರಿದ ಆ ಖನಿಜ ಜಿಪ್ಸಂ ಆಗಿ ಉಬ್ಬಿದ್ದರಿಂದ ನೆಲವೇ ಮೇಲೆದ್ದು, 200ಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟವು. ಆದ್ದರಿಂದ ಅರ್ಜಿಯ ಜೊತೆ ಕೇಳುವ ಭೂವೈಜ್ಞಾನಿಕ ವರದಿಯನ್ನು ಅನಗತ್ಯ ಖರ್ಚೆಂದು ದಯವಿಟ್ಟು ಎಣಿಸಬೇಡಿ.

ಅರ್ಜಿಯಲ್ಲಿ ರಂಧ್ರಗಳ ಸ್ಥಾನ, ಆಳ, ನೆರೆಯ ಬಾವಿಗೂ ಶೌಚಗುಂಡಿಗೂ ಇರುವ ದೂರ, ಕೊರೆಯುವಾಗ ಹೊರಬರುವ ಕೆಸರುನೀರಿನ ವಿಲೇವಾರಿ ಇವೆಲ್ಲ ಸ್ಪಷ್ಟವಾಗಿರಲಿ. ಕೊಳವೆಯೊಳಗಿನ ದ್ರವ ಯಾವುದೆಂಬುದನ್ನೂ ಬರೆಯಿರಿ: ನೀರು ಹೆಪ್ಪುಗಟ್ಟದಂತೆ ಬೆರೆಸುವ ಎಥಿಲೀನ್ ಗ್ಲೈಕಾಲ್ ವಿಷಕಾರಿ, ಪ್ರೊಪಿಲೀನ್ ಗ್ಲೈಕಾಲ್‌ನ ವಿಷತ್ವ ಬಹಳ ಕಡಿಮೆ. ಪಕ್ಕದಲ್ಲಿ ಕುಡಿಯುವ ನೀರಿನ ಬಾವಿ ಇರುವಾಗ ಎರಡನೆಯದನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲಕ್ಕಿಂತ ಮುಖ್ಯವಾದದ್ದು ಗ್ರೌಟಿಂಗ್, ಅಂದರೆ ಕೊಳವೆಗೂ ರಂಧ್ರದ ಗೋಡೆಗೂ ನಡುವಿನ ಸಂದನ್ನು ಮುಚ್ಚುವ ಕೆಲಸ. ಬೆಂಟೊನೈಟ್ ಜೇಡಿ ಮತ್ತು ಸಿಮೆಂಟಿನ ಮಿಶ್ರಣವನ್ನು ಮೇಲಿನಿಂದ ಸುರಿದರೆ ಅದು ನಡುವೆಲ್ಲೋ ಸಿಕ್ಕಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ. ತಳದವರೆಗೆ ಇಳಿಸಿದ ಪ್ರತ್ಯೇಕ ಕೊಳವೆಯ ಮೂಲಕ ಪಂಪ್ ಮಾಡಿದಾಗ ಮಾತ್ರ ಅದು ರಂಧ್ರದಲ್ಲಿರುವ ನೀರನ್ನು ಮೇಲಕ್ಕೆ ತಳ್ಳುತ್ತಾ ಏರುತ್ತದೆ. ಆ ಹೊತ್ತಿಗೆ ನೀವು ರಂಧ್ರದ ಬಾಯಿಯ ಬಳಿಯೇ ನಿಂತಿರಿ. ಮೊದಲು ತೆಳು ನೀರು, ಆಮೇಲೆ ಕಲಗಚ್ಚಿನಂಥ ಬೂದು ದ್ರವ, ಕೊನೆಗೆ ಮಿಶ್ರಣದ ತೊಟ್ಟಿಯಲ್ಲಿರುವಷ್ಟೇ ಗಟ್ಟಿಯಾದ ಕೆಸರು ಹೊರಬರಬೇಕು. ಅಲ್ಲಿಯವರೆಗೆ ಪಂಪ್ ನಿಲ್ಲಿಸಲು ಬಿಡಬೇಡಿ. ಈ ವಿಧಾನವನ್ನು ಅರ್ಜಿಯಲ್ಲೂ ಗುತ್ತಿಗೆ ಪತ್ರದಲ್ಲೂ ಬರೆಸಿ.

ಅಂತರ್ಜಲವನ್ನೇ ಎತ್ತಿ, ಶಾಖ ತೆಗೆದು, ಮರಳಿ ನೆಲಕ್ಕೆ ಬಿಡುವ ತೆರೆದ ವ್ಯವಸ್ಥೆಯನ್ನು ಯಾರಾದರೂ ಸೂಚಿಸಿದರೆ, ನೀರೆತ್ತುವುದಕ್ಕೂ ಬಿಡುವುದಕ್ಕೂ ಬೇರೆ ಬೇರೆ ಅನುಮತಿ ಬೇಕಾಗಬಹುದು.

ಕೊರೆಯುವ ಮೊದಲು ನೆರೆಯವರ ಒಪ್ಪಿಗೆ ಪಡೆದು ಅವರ ಬಾವಿಯ ನೀರನ್ನು ನಿಮ್ಮ ಖರ್ಚಿನಲ್ಲೇ ಪರೀಕ್ಷೆ ಮಾಡಿಸಿ, ವರದಿಯ ಒಂದು ಪ್ರತಿಯನ್ನು ಅವರಿಗೂ ಕೊಡಿ. ನಿಮ್ಮ ಜಾಗ ಕುಡಿಯುವ ನೀರಿನ ಸಂರಕ್ಷಿತ ವಲಯದಲ್ಲಿದ್ದು ಅನುಮತಿ ಸಿಗದಿದ್ದರೆ, ಒಂದೂವರೆ ಮೀಟರ್ ಆಸುಪಾಸಿನ ಆಳದ ಕಂದಕಗಳಲ್ಲಿ ಕೊಳವೆಯನ್ನು ಅಡ್ಡಲಾಗಿ ಹಾಸುವ ಬಗ್ಗೆ ಅದೇ ಕಚೇರಿಯಲ್ಲಿ ವಿಚಾರಿಸಿ. ಅದಕ್ಕೆ ಅಂಗಳ ಸಾಕಷ್ಟು ದೊಡ್ಡದಿರಬೇಕು.